ಯುದ್ಧದ ಲೆಕ್ಕ ತೋರಿಸುವವರು ಅದರೊಳಗಿನ ಅಂಕಿಯನ್ನೂ ತೋರಿಸಲಿ

ಮಾನ್ಯ ಸಂಪಾದಕರೇ,

ಹದಿನೈದು ದಿನದ ಹಿಂದೆ ರಾತ್ರಿ ಊಟ ಮುಗಿಸಿ ನಾನು, ನನ್ನ ಅಣ್ಣ ಟಿ.ವಿ. ಮುಂದೆ ಕೂತಿದ್ದೆವು. ಕನ್ನಡದ ಒಂದು ಸುದ್ದಿವಾಹಿನಿ ಯುದ್ಧ ತೋರಿಸುತ್ತಿತ್ತು. ಎಲ್ಲೂ ನಡೆಯದ ಯುದ್ಧ ಅದು. ಪರದೆಯ ಎಡಗಡೆಯಿಂದ ನೀಲಿ ಟ್ಯಾಂಕುಗಳು, ಬಲಗಡೆಯಿಂದ ಕೆಂಪು ಟ್ಯಾಂಕುಗಳು, ಮೇಲೆ ವಿಮಾನಗಳು, ಮೂಲೆಯಲ್ಲಿ ಸತ್ತವರ ಲೆಕ್ಕದ ಮೀಟರು. ಪೆಟ್ರೋಲ್ ಬಂಕಿನ ಮೀಟರಿನ ಹಾಗೆ ಅದು ಓಡುತ್ತಿತ್ತು. ಸಾವಿರ ದಾಟಿದಾಗಲೆಲ್ಲ ಒಂದು ಗಂಟೆಯ ಸದ್ದು. "ಕಂಪ್ಯೂಟರ್ ಸಿಮ್ಯುಲೇಶನ್ ಹೇಳಿಬಿಟ್ಟಿದೆ, ಹನ್ನೊಂದೇ ದಿನದಲ್ಲಿ ಯುದ್ಧ ಮುಗಿಯುತ್ತದೆ" ಎಂದು ನಿರೂಪಕರು ಮೂರು ಸಲ ಹೇಳಿದರು. ಎರಡನೇ ಸಲ ಗಂಟೆ ಹೊಡೆದಾಗ ಅಣ್ಣ ಎದ್ದು ಜಗುಲಿಗೆ ಹೋಗಿ ಕತ್ತಲಲ್ಲಿ ಕೂತ. ಅವನಿಗೆ ಈಗ 77. 1971ರ ಡಿಸೆಂಬರಿನಲ್ಲಿ ಪಶ್ಚಿಮ ಗಡಿಯಲ್ಲಿ ಸೇನೆಯ ಲಾರಿ ಓಡಿಸಿದವನು.

ಎರಡು ದಿನ ಬಿಟ್ಟು ಅದೇ "ಹನ್ನೊಂದು ದಿನ" ನಿಮ್ಮ ಪತ್ರಿಕೆಯ ಒಳಪುಟದಲ್ಲೂ ಒಂದು ಚೌಕಟ್ಟಿನ ಸುದ್ದಿಯಾಗಿ ಬಂತು. ಅದಕ್ಕೇ ಈ ಪತ್ರ. ವಾಹಿನಿಗೂ ಬರೆದಿದ್ದೆ, ಉತ್ತರ ಬರಲಿಲ್ಲ. ನಿಮ್ಮಿಂದ ಬರುತ್ತದೆಂಬ ನಂಬಿಕೆ ನಲವತ್ತು ವರ್ಷದ ಚಂದಾದಾರನಾದ ನನಗಿದೆ.

ನಾನು 33 ವರ್ಷ ಪದವಿ ಕಾಲೇಜಿನಲ್ಲಿ ಗಣಿತ ಪಾಠ ಮಾಡಿದವನು. ಕಂಪ್ಯೂಟರಿನಲ್ಲಿ ಯುದ್ಧ ನಡೆಸಿ ನೋಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಅಂತಿಮ ಬಿ.ಎಸ್ಸಿ.ಗೆ ಅವಕಲ ಸಮೀಕರಣ ಕಲಿಸುವಾಗ ನಾನೇ ಪ್ರತಿ ವರ್ಷ ಒಂದು ಯುದ್ಧ ನಡೆಸುತ್ತಿದ್ದೆ, ಹುಣಸೆ ಬೀಜದಲ್ಲಿ. ಬ್ರಿಟನ್ನಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಎಂಜಿನಿಯರ್ 1914ರಲ್ಲಿ ಬರೆದ ಲೆಕ್ಕ ಅದು. ಆತ ಮೂಲತಃ ಮೋಟಾರು ಕಾರು ಕಟ್ಟುವವನು. ಆಗಷ್ಟೇ ಹಾರಲು ಕಲಿತಿದ್ದ ವಿಮಾನಗಳು ಯುದ್ಧವನ್ನು ಹೇಗೆ ಬದಲಾಯಿಸುತ್ತವೆ ಎಂದು ಯೋಚಿಸುತ್ತ ಈ ಸಮೀಕರಣಗಳಿಗೆ ಬಂದ. ರಷ್ಯಾದಲ್ಲಿ ಒಸಿಪೋವ್ ಎಂಬಾತ 1915ರಲ್ಲಿ ತಾನಾಗಿಯೇ ಇದೇ ಲೆಕ್ಕಕ್ಕೆ ತಲುಪಿದ್ದ. ಇವತ್ತು ಸೇನೆಗಳು ಓಡಿಸುವ ಅನೇಕ ದೊಡ್ಡ ಪ್ರೋಗ್ರಾಂಗಳ ಹೊಟ್ಟೆಯಲ್ಲಿ ಈ ಲೆಕ್ಕದ ಮಕ್ಕಳು ಮೊಮ್ಮಕ್ಕಳೇ ಇದ್ದಾರೆ.

ಲೆಕ್ಕ ಹೀಗೆ. ಮೇಜಿನ ಒಂದು ಬದಿಗೆ 100 ಬೀಜ, ಇನ್ನೊಂದು ಬದಿಗೆ 80. ಪ್ರತಿ ಸುತ್ತಿನಲ್ಲೂ ಎದುರಾಳಿಯ ಪ್ರತಿ ಹತ್ತು ಬೀಜಕ್ಕೆ ನಮ್ಮ ಒಂದು ಬೀಜ ಹೋಗುತ್ತದೆ. ಮೊದಲ ಸುತ್ತಿನಲ್ಲಿ ನೂರರ ಗುಂಪು 8 ಕಳೆದುಕೊಂಡು 92 ಆಗುತ್ತದೆ, ಎಂಬತ್ತರ ಗುಂಪು 10 ಕಳೆದುಕೊಂಡು 70 ಆಗುತ್ತದೆ. ಮುಂದಿನ ಸುತ್ತಿಗೆ 85 ಮತ್ತು 61. ಕೊನೆಗೆ ಸಣ್ಣ ಗುಂಪು ಪೂರ್ತಿ ಅಳಿದಾಗ ದೊಡ್ಡ ಗುಂಪಿನಲ್ಲಿ ಎಷ್ಟು ಉಳಿದಿರುತ್ತವೆ ಎಂದು ಆರಂಭದಲ್ಲೇ ಕೇಳುತ್ತಿದ್ದೆ. ಇಡೀ ತರಗತಿ ಒಂದೇ ದನಿಯಲ್ಲಿ "20 ಸಾರ್" ಎನ್ನುತ್ತಿತ್ತು. ಹನ್ನೊಂದನೇ ಸುತ್ತು ಮುಗಿದಾಗ ಮೇಜಿನ ಮೇಲೆ 57 ಬೀಜ. ಸೂತ್ರದ ಪ್ರಕಾರ 60 ಉಳಿಯಬೇಕು, ಏಕೆಂದರೆ ಬಲಗಳನ್ನು ನೇರವಾಗಿ ಕಳೆಯಬಾರದು, ವರ್ಗ ಮಾಡಿ ಕಳೆಯಬೇಕು: 10,000ದಲ್ಲಿ 6,400 ಹೋದರೆ 3,600, ಅದರ ವರ್ಗಮೂಲ 60. ಬೀಜವನ್ನು ಒಡೆಯಲಾಗುವುದಿಲ್ಲ, ಸುತ್ತುಸುತ್ತಾಗಿ ತೆಗೆಯುತ್ತೇವೆ, ಅದಕ್ಕೆ ಆ ಮೂರರ ವ್ಯತ್ಯಾಸ.

ಕತ್ತಿ ಹಿಡಿದು ಒಬ್ಬನಿಗೆ ಒಬ್ಬ ನಿಲ್ಲುವ ಕಾಳಗಕ್ಕೆ ಈ ವರ್ಗದ ನಿಯಮ ಒಪ್ಪುವುದಿಲ್ಲ. ದೂರದಿಂದ ಎಲ್ಲರೂ ಎಲ್ಲರ ಮೇಲೂ ಹೊಡೆಯಬಹುದಾದ ಕಾಳಗಕ್ಕೆ ಒಪ್ಪುತ್ತದೆ. ಅಭಿಮನ್ಯುವಿನ ಮುಂದೆ ಮಹಾರಥಿಗಳು ಒಬ್ಬೊಬ್ಬರಾಗಿ ಬಂದಿದ್ದರೆ ಒಂದು ಲೆಕ್ಕ, ಸುತ್ತುಗಟ್ಟಿ ಎಲ್ಲರೂ ಒಮ್ಮೆಗೇ ಹೊಡೆದದ್ದು ಇನ್ನೊಂದು ಲೆಕ್ಕ. ಹೀಗೆಂದರೆ ಹಿಂದಿನ ಬೆಂಚಿನವರಿಗೂ ಅರ್ಥವಾಗುತ್ತಿತ್ತು.

ಆಮೇಲೆ ಒಂದೇ ಒಂದು ಅಂಕಿ ಬದಲಾಯಿಸುತ್ತಿದ್ದೆ. ಎಂಬತ್ತರ ಗುಂಪು ಕಂದಕದಲ್ಲಿ ಕೂತಿದೆ, ಅದರ ಪ್ರತಿ ಹತ್ತು ಬೀಜ ಎದುರಾಳಿಯ ಎರಡು ಬೀಜ ತೆಗೆಯುತ್ತದೆ ಎನ್ನೋಣ. ಮಿಕ್ಕಿದ್ದೆಲ್ಲ ಹಾಗೇ. ಈಗ ನೂರರ ಗುಂಪು ಪೂರ್ತಿ ಸಾಯುತ್ತದೆ. ಎಂಬತ್ತರಲ್ಲಿ, ಸೂತ್ರದ ಪ್ರಕಾರ, ಸುಮಾರು 37 ಉಳಿಯುತ್ತವೆ. ಬೀಜ ಅವೇ, ಮೇಜು ಅದೇ, ಸಮೀಕರಣ ಅದೇ. ಒಂದು ಗುಣಾಂಕ, ಅಂದರೆ ಹೊಡೆಯುವ ಶಕ್ತಿಯ ಅಂಕಿ, ಎರಡು ಪಟ್ಟಾದ ಕೂಡಲೇ ಗೆದ್ದವನು ಸೋತ, ಸೋತವನು ಗೆದ್ದ. ಆ ಗುಣಾಂಕವನ್ನು ಕಂಪ್ಯೂಟರ್ ಕಂಡುಹಿಡಿಯುವುದಿಲ್ಲ ಸ್ವಾಮಿ. ಯಾರೋ ಒಬ್ಬರು ಕುರ್ಚಿಯ ಮೇಲೆ ಕೂತು ಅದನ್ನು ಟೈಪ್ ಮಾಡಿರುತ್ತಾರೆ. ಟಿ.ವಿ.ಯಲ್ಲಿ ನಾವು ನೋಡಿದ "ಹನ್ನೊಂದು ದಿನ"ದ ಹಿಂದೆ ಅಂಥ ಎಷ್ಟು ಅಂಕಿಗಳಿದ್ದವು, ಅವನ್ನು ಯಾರು ಹಾಕಿದರು, ಯಾವ ಆಧಾರದ ಮೇಲೆ? ಒಂದೂ ಹೇಳಲಿಲ್ಲ.

ನಾನು ಎಂ.ಎಸ್ಸಿ. ಓದುವಾಗ ಮಾನಸಗಂಗೋತ್ರಿಯ ಗ್ರಂಥಾಲಯದಲ್ಲಿ ಹಳೆಯ ಸಂಪುಟವೊಂದು ಸಿಕ್ಕಿತ್ತು. ಅದರಲ್ಲಿ ಎಂಗೆಲ್ ಎಂಬ ಗಣಿತಜ್ಞನ ಲೇಖನ, 1954ರದು, ನಾನು ಹುಟ್ಟಿದ ವರ್ಷದ್ದು. 1945ರಲ್ಲಿ ಜಪಾನಿನ ಇವೊ ಜಿಮಾ ದ್ವೀಪಕ್ಕಾಗಿ ನಡೆದ ಕಾಳಗಕ್ಕೆ ಆತ ಲ್ಯಾಂಚೆಸ್ಟರನ ಸಮೀಕರಣ ಹಚ್ಚಿದ್ದ. ದ್ವೀಪದ ಮೇಲೆ ಜಪಾನಿ ಸೈನಿಕರು 21,500. ಅಮೆರಿಕದವರು ಮೊದಲ ದಿನ ಇಳಿಸಿದ್ದು 54,000, ಕೆಲವು ದಿನ ಬಿಟ್ಟು 6,000, ಆಮೇಲೆ 13,000. ಲೆಕ್ಕ ಬಿಡಿಸಿದ ರೇಖೆ ಕಾಳಗದ ದಿನಗಳುದ್ದಕ್ಕೂ ಅಮೆರಿಕದ ದಾಖಲೆಯಲ್ಲಿದ್ದ ನಿಜವಾದ ಸಂಖ್ಯೆಗಳನ್ನು ನೆರಳಿನಂತೆ ಹಿಂಬಾಲಿಸುತ್ತಿತ್ತು. ಇಪ್ಪತ್ತೆರಡರ ಹುಡುಗನಿಗೆ ಆ ನಕ್ಷೆ ನೋಡಿ ಮೈ ಜುಮ್ಮೆಂದಿತು. ಯುದ್ಧವೂ ಗಣಿತಕ್ಕೆ ಬಗ್ಗುತ್ತದೆ ಎಂದುಕೊಂಡೆ.

ಮೇಷ್ಟ್ರಾದ ಮೇಲೆ, ಅದೇ ಲೇಖನವನ್ನು ಕಲಿಸಲೆಂದು ಮತ್ತೆ ಕೂತು ಓದಿದಾಗ ಇನ್ನೊಂದು ಕಂಡಿತು. ಆ ಲೆಕ್ಕದಲ್ಲಿ ಒಬ್ಬ ಜಪಾನಿ ಸೈನಿಕನ ಗುಣಾಂಕ ಒಬ್ಬ ಅಮೆರಿಕನ್ ಸೈನಿಕನದ್ದಕ್ಕಿಂತ ಸುಮಾರು ಐದು ಪಟ್ಟು. ಅವರು ಗುಹೆ, ಸುರಂಗಗಳಲ್ಲಿ ಅಡಗಿ ಕಾದಿದ್ದರು. ಸರಿ, ಆದರೆ ಆ ಐದು ಎಲ್ಲಿಂದ ಬಂತು? ಕಾಳಗ ಮುಗಿದ ಮೇಲೆ, ಸತ್ತವರ, ಗಾಯಗೊಂಡವರ ಪಟ್ಟಿಯಿಂದ ಬಂತು. ಹಡಗಿನಿಂದ ಇಳಿಯುವ ಮುಂಚೆ ಅದನ್ನು ಹೇಳಬಲ್ಲವರು ಯಾರೂ ಇರಲಿಲ್ಲ. ನಡೆದದ್ದಕ್ಕೆ ಸಮೀಕರಣ ಹೊಂದಿಸುವುದು ಬೇರೆ, ನಡೆಯದ್ದನ್ನು ಹೇಳುವುದು ಬೇರೆ. ಈ ಎರಡರ ನಡುವಿನ ಕಂದರ ಎಷ್ಟು ಆಳ ಎಂದು ನನಗೆ ತಿಳಿಯಲು ಹತ್ತು ವರ್ಷ ಬೇಕಾಯಿತು.

ಕಂಪ್ಯೂಟರ್ ಸಿಮ್ಯುಲೇಶನ್ ಅತ್ಯಂತ ಪ್ರಾಮಾಣಿಕವಾಗಿ ಮಾಡಿದ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇರಾಕಿನ ಮರುಭೂಮಿಯ ಒಂದು ಕಾಳಗದ ಹೆಸರು ಹೇಳುತ್ತೇನೆ. ಅದಕ್ಕೆ ಊರಿನ ಹೆಸರಿಲ್ಲ, ಏಕೆಂದರೆ ಅಲ್ಲಿ ಊರೇ ಇಲ್ಲ. ಭೂಪಟದ ಮೇಲೆ ಉತ್ತರ ದಕ್ಷಿಣವಾಗಿ ಎಳೆದ ಒಂದು ಗೆರೆಯ ಹೆಸರನ್ನೇ ಕಾಳಗಕ್ಕೂ ಇಟ್ಟರು: 73 ಈಸ್ಟಿಂಗ್. 1991ರ ಫೆಬ್ರವರಿ 26, ಕೊಲ್ಲಿ ಯುದ್ಧದ ಸಮಯ. ಧೂಳು ಎದ್ದು ಕಣ್ಣಿಗೆ ಏನೂ ಕಾಣದ ಮಧ್ಯಾಹ್ನ. ಕ್ಯಾಪ್ಟನ್ ಮೆಕ್‌ಮಾಸ್ಟರ್ ಎಂಬ ಅಮೆರಿಕನ್ ಅಧಿಕಾರಿಯ ತುಕಡಿಯಲ್ಲಿ 9 ಟ್ಯಾಂಕುಗಳು, 12 ಬ್ರಾಡ್ಲಿ ಎಂಬ ಶಸ್ತ್ರಸಜ್ಜಿತ ವಾಹನಗಳು. ಸುಮಾರು 23 ನಿಮಿಷದಲ್ಲಿ ಅವು ಇರಾಕಿನ ಆಯ್ದ ಪಡೆಯಾದ ರಿಪಬ್ಲಿಕನ್ ಗಾರ್ಡ್‌ನ 28 ಟ್ಯಾಂಕು, 16 ಶಸ್ತ್ರಸಜ್ಜಿತ ವಾಹನ, 30 ಲಾರಿಗಳನ್ನು ನಾಶ ಮಾಡಿದವು. ಆ ತುಕಡಿಯಲ್ಲಿ ಒಬ್ಬರೂ ಸಾಯಲಿಲ್ಲ. ಯುದ್ಧಕ್ಕೆ ಮುಂಚೆ ಅಮೆರಿಕದಲ್ಲಿ ಲೆಕ್ಕ ಹಾಕಿದವರು ತಮ್ಮ ಕಡೆ ಸಾವಿರಾರು ಸಾವುನೋವು ಆಗಬಹುದೆಂದು ಹೇಳಿದ್ದರು. ಇಡೀ ಯುದ್ಧದಲ್ಲಿ ಹೋರಾಡುತ್ತ ಸತ್ತ ಅಮೆರಿಕನ್ನರು ನೂರೈವತ್ತಕ್ಕಿಂತ ಕಡಿಮೆ.

ಕಾಳಗ ಮುಗಿದ ಬೆನ್ನಲ್ಲೇ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯವರು ಅದರಲ್ಲಿದ್ದವರನ್ನು ಕೂರಿಸಿ ಯಾವ ಗಳಿಗೆಯಲ್ಲಿ ಯಾವ ಟ್ಯಾಂಕು ಎಲ್ಲಿತ್ತು, ಯಾರ ಮೇಲೆ ಹೊಡೆಯಿತು ಎಂದು ಕೇಳಿ ಕೇಳಿ ಬರೆದುಕೊಂಡು ಇಡೀ ಕಾಳಗವನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿದರು. ಅಲ್ಲಿಗೇ ನಿಲ್ಲಿಸಿದ್ದರೆ ಅದೊಂದು ಗೆಲುವಿನ ಚಲನಚಿತ್ರ ಆಗುತ್ತಿತ್ತು. ಸ್ಟೀಫನ್ ಬಿಡಲ್ ಎಂಬ ವಿದ್ವಾಂಸ ಆ ದತ್ತಾಂಶ ಬಳಸಿ, ಗೆದ್ದವರಿಗೆ ಇಷ್ಟವಾಗದ ಪ್ರಶ್ನೆ ಕೇಳಿದ. ಧೂಳಿನಲ್ಲೂ ಶಾಖದಿಂದ ಗುರಿ ಕಾಣಿಸುವ ಆ ದುರ್ಬೀನು ಅಮೆರಿಕದವರ ಬಳಿ ಇಲ್ಲದಿದ್ದರೆ? ಇರಾಕಿನವರು ಟ್ಯಾಂಕಿನ ಸುತ್ತ ಸಡಿಲ ಮರಳು ರಾಶಿ ಹಾಕುವ ಬದಲು ನೆಲ ಅಗೆದು ಟ್ಯಾಂಕನ್ನು ಸರಿಯಾಗಿ ಇಳಿಸಿದ್ದರೆ, ಮುಂದೆ ಕಾವಲು ಇಟ್ಟು ಎಚ್ಚರವಾಗಿದ್ದರೆ? ಪ್ರತಿ "ಇದ್ದರೆ"ಗೂ ಪ್ರೋಗ್ರಾಂ ಮತ್ತೆ ಓಡಿತು, ಅಮೆರಿಕದ ನಷ್ಟ ಬಹಳ ಏರಿತು. ಯಂತ್ರ ಒಂದರಿಂದಲೇ ಗೆದ್ದದ್ದಲ್ಲ, ಎದುರಾಳಿಯ ತಪ್ಪೂ ಸೇರಿ ಗೆದ್ದದ್ದು ಎಂದು 1996ರಲ್ಲಿ ಆತ ಬರೆದ. ಯುದ್ಧದ ಸಿಮ್ಯುಲೇಶನ್ ಇರಬೇಕಾದದ್ದು ಇದಕ್ಕೆ. ಯಾರು ಗೆಲ್ಲುತ್ತಾರೆ ಎಂದು ಶಕುನ ನುಡಿಯಲು ಅಲ್ಲ. ಯಾವ ಅಂಕಿ ಬದಲಾದರೆ ಫಲಿತಾಂಶ ಬುಡಮೇಲಾಗುತ್ತದೆ ಎಂದು ತೋರಿಸಲು.

ತರಬೇತಿಗೂ ಅದು ಬೇಕು, ಅದನ್ನೂ ಹೇಳಬೇಕು. 1983ರಲ್ಲಿ ಅಮೆರಿಕದ ವಾಯುಪಡೆಯ ಅಧಿಕಾರಿ ಜ್ಯಾಕ್ ಥಾರ್ಪ್ ಮುಂದಾಳತ್ವದಲ್ಲಿ ಸಿಮ್‌ನೆಟ್ ಎಂಬ ಯೋಜನೆ ಶುರುವಾಯಿತು. ಬೇರೆ ಬೇರೆ ಊರಿನಲ್ಲಿ ಟ್ಯಾಂಕಿನ ಒಳಗಿನಂತೆ ಕಟ್ಟಿದ ಡಬ್ಬಿಗಳಲ್ಲಿ ಕೂತ ಟ್ಯಾಂಕ್ ಸಿಬ್ಬಂದಿ ತಂತಿ ಮೂಲಕ ಒಂದೇ ರಣರಂಗದಲ್ಲಿ ಸೇರುವ ವ್ಯವಸ್ಥೆ. ಅದರೊಳಗಿನ ಒಂದು ಉಪಾಯ ನನಗೆ ತುಂಬ ಪ್ರಿಯ. ಪ್ರತಿ ಟ್ಯಾಂಕೂ ತಾನೆಲ್ಲಿದ್ದೇನೆಂದು ಕ್ಷಣಕ್ಷಣ ಕೂಗಿಕೊಂಡರೆ ತಂತಿ ತುಂಬಿಹೋಗುತ್ತದೆ. ಅದಕ್ಕೆ, ಹಿಂದಿನ ವೇಗ, ದಿಕ್ಕು ನೋಡಿ ಉಳಿದ ಕಂಪ್ಯೂಟರುಗಳು ತಾವೇ ಅದರ ಜಾಗವನ್ನು ಅಂದಾಜು ಮಾಡಿಕೊಳ್ಳುತ್ತವೆ. ಅಂದಾಜು ನಿಜದಿಂದ ಇಷ್ಟು ದೂರ ಹೋಯಿತು ಎಂದಾಗ ಮಾತ್ರ ಟ್ಯಾಂಕು ಬಾಯಿಬಿಟ್ಟು ತಿದ್ದುತ್ತದೆ. ಅಂದಾಜನ್ನು ಇಟ್ಟುಕೊ, ನಿಜದ ಜತೆ ಹೋಲಿಸುತ್ತಿರು, ತಪ್ಪಾದ ಕೂಡಲೇ ಹೇಳು. ಆ ತಂತಿಗಿದ್ದ ಶಿಸ್ತು ನಮ್ಮ ವಾಹಿನಿಗಳಿಗೆ ಬಂದರೆ ಈ ಪತ್ರವೇ ಬೇಕಿರಲಿಲ್ಲ.

ಆಕಾಶದ ಲೆಕ್ಕ ಇನ್ನೂ ಸೂಕ್ಷ್ಮ. ಅಲ್ಲಿ ಸಾವಿರಾರು ಬೀಜಗಳಿಲ್ಲ, ಬೆರಳೆಣಿಕೆಯ ಕ್ಷಿಪಣಿಗಳು. ಒಂದು ಕ್ಷಿಪಣಿ ಗುರಿ ಮುಟ್ಟುವ ಸಂಭವ ಹತ್ತರಲ್ಲಿ ಏಳು ಎಂದು ಪ್ರೋಗ್ರಾಮಿಗೆ ಹೇಳಿದಿರೆಂದುಕೊಳ್ಳಿ. ನಾಲ್ಕು ಹಾರಿಸಿದರೆ ಒಂದಾದರೂ ತಗಲುವ ಸಂಭವ ನೂರಕ್ಕೆ 99. ಅದೇ ಕ್ಷಿಪಣಿಗೆ ಹತ್ತರಲ್ಲಿ ಒಂದು ಎಂದು ಕೊಟ್ಟರೆ ನಾಲ್ಕೂ ಹಾರಿಸಿದ ಮೇಲೂ ನೂರಕ್ಕೆ 34. ಇದು ಪುಸ್ತಕದ ಉದಾಹರಣೆ ಮಾತ್ರವಲ್ಲ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಬಹಳ ನಂಬಿದ್ದ ಸ್ಪ್ಯಾರೋ ಎಂಬ ರೇಡಾರ್ ಕ್ಷಿಪಣಿ ಹಾರಿಸಿದ ಹತ್ತರಲ್ಲಿ ಸುಮಾರು ಒಂದು ಮಾತ್ರ ಗುರಿ ಕೆಡವಿತು. ಕಣ್ಣಿಗೆ ಕಾಣದ ದೂರದಿಂದ ಹೊಡೆಯಲೆಂದು ಮಾಡಿದ ಕ್ಷಿಪಣಿ ಅದು. ಎದುರಿನದು ಶತ್ರು ವಿಮಾನವೇ ಎಂದು ಕಣ್ಣಾರೆ ಕಂಡ ಮೇಲೇ ಹಾರಿಸಬೇಕೆಂಬ ನಿಯಮ ಅಲ್ಲಿ ಬಹಳ ಕಾಲ ಜಾರಿಯಲ್ಲಿತ್ತು. ಪರೀಕ್ಷೆಯ ಮೈದಾನದಲ್ಲಿ ಸಿಕ್ಕ ಅಂಕಿಯನ್ನು ಹಿಡಿದು ಯುದ್ಧದ ಲೆಕ್ಕ ಮಾಡಿದವರಿಗೆ ಇಂಥದ್ದು ಹೇಗೆ ಗೊತ್ತಾಗಬೇಕು? ಇಲ್ಲಿ ಟಿ.ವಿ.ಯಲ್ಲಿ ಕ್ಷಿಪಣಿಗಳೆಲ್ಲ ಗುರಿ ಮುಟ್ಟುತ್ತಲೇ ಇದ್ದವು. ಒಂದೂ ತಪ್ಪಿದ್ದನ್ನು ನಾನು ನೋಡಲಿಲ್ಲ.

ಇನ್ನು ಅಂಕಿಗಳೆಲ್ಲ ಸರಿಯಿದ್ದು, ಬಂದ ಉತ್ತರ ದೊಡ್ಡವರಿಗೆ ಹಿಡಿಸದಿದ್ದರೆ?

1942ರ ಮೇ ತಿಂಗಳಲ್ಲಿ ಜಪಾನಿನ ನೌಕಾಪಡೆ ಮಿಡ್‌ವೇ ದ್ವೀಪದ ಮೇಲಿನ ದಾಳಿಯನ್ನು ಯಮಾಟೊ ಹಡಗಿನಲ್ಲಿ ಮೇಜಿನ ಮೇಲೆ ಆಡಿ ನೋಡಿತು. ಆಗ ಕಂಪ್ಯೂಟರ್ ಇಲ್ಲ, ದಾಳ ಹಾಕುತ್ತಿದ್ದರು. ಅಮೆರಿಕದ ಬಾಂಬರುಗಳ ಒಂಬತ್ತು ಬಾಂಬು ತಗಲಿದವೆಂದು ದಾಳ ಹೇಳಿತು. ಅಕಾಗಿ, ಕಾಗಾ ಎಂಬ ಎರಡು ವಿಮಾನವಾಹಕ ಹಡಗುಗಳು ಮುಳುಗಿದವು. ಆಟದ ಮೇಲ್ವಿಚಾರಣೆಯಲ್ಲಿದ್ದ ರಿಯರ್ ಅಡ್ಮಿರಲ್ ಉಗಾಕಿ ಒಂಬತ್ತನ್ನು ಮೂರಕ್ಕೆ ಇಳಿಸಿದರು. ಮುಳುಗಿದ ಕಾಗಾ ಮುಂದಿನ ಆಟದಲ್ಲಿ ಮತ್ತೆ ತೇಲಿತು. ಕೆಲವೇ ವಾರಗಳಲ್ಲಿ, ಜೂನ್ 4ರಂದು, ನಿಜವಾದ ಸಮುದ್ರದಲ್ಲಿ ನಿಜವಾದ ಬಾಂಬು ಬಿದ್ದು ಕಾಗಾ, ಅಕಾಗಿ ಮತ್ತು ಇನ್ನೆರಡು ವಿಮಾನವಾಹಕಗಳು ನಾಶವಾದವು. ಅವನ್ನು ಮತ್ತೆ ತೇಲಿಸಲು ಯಾವ ಅಡ್ಮಿರಲ್ಲೂ ಇರಲಿಲ್ಲ.

ಅರವತ್ತು ವರ್ಷದ ನಂತರ, 2002ರ ಜುಲೈ ಆಗಸ್ಟ್‌ನಲ್ಲಿ, ಅಮೆರಿಕ ಮಿಲೇನಿಯಂ ಚಾಲೆಂಜ್ ಎಂಬ ಬೃಹತ್ ಯುದ್ಧಾಭ್ಯಾಸ ನಡೆಸಿತು. 13,500 ಜನ, 25 ಕೋಟಿ ಡಾಲರ್ ಖರ್ಚು, ನೆಲ, ನೀರು, ಆಕಾಶ ಮೂರೂ ಸೇರಿದ ಸಿಮ್ಯುಲೇಶನ್. ಶತ್ರುವಿನ ಪಾತ್ರ ಕೊಟ್ಟದ್ದು ನಿವೃತ್ತ ಲೆಫ್ಟಿನೆಂಟ್ ಜನರಲ್ ಪಾಲ್ ವ್ಯಾನ್ ರೈಪರ್ ಅವರಿಗೆ. ಅವರು ರೇಡಿಯೊ ಮುಟ್ಟಲಿಲ್ಲ. ಮೋಟಾರ್ ಸೈಕಲ್ ಮೇಲೆ ಚೀಟಿ ಕಳಿಸಿದರು. ಸಣ್ಣ ದೋಣಿಗಳ ಹಿಂಡು ಬಿಟ್ಟು, ಕ್ಷಿಪಣಿಗಳನ್ನು ಒಮ್ಮೆಗೇ ಸುರಿಸಿದರು. ಕಂಪ್ಯೂಟರ್ ಪರದೆಯ ಮೇಲೆ ಒಂದು ವಿಮಾನವಾಹಕವೂ ಸೇರಿ 16 ಯುದ್ಧನೌಕೆಗಳು ಮುಳುಗಿದವು. ನಿಜವಾಗಿದ್ದರೆ ಸುಮಾರು 20,000 ಜನರ ಪ್ರಾಣ. ಮುಂದೇನಾಯಿತು? ಹಡಗುಗಳನ್ನು ಮತ್ತೆ ತೇಲಿಸಿದರು. ವಿಮಾನ ನಿರೋಧಕ ರೇಡಾರುಗಳನ್ನು ಹೊಡೆಯಲು ಅನುಕೂಲವಾಗುವಂತೆ ಚಾಲೂ ಇಡಿ ಎಂದು ಶತ್ರು ಪಕ್ಷಕ್ಕೇ ಅಪ್ಪಣೆ ಹೋಯಿತು. ವ್ಯಾನ್ ರೈಪರ್ ಅರ್ಧದಲ್ಲೇ ಆ ಪಾತ್ರ ಬಿಟ್ಟು ಹೊರಬಂದರು. ಅಧಿಕಾರಿಗಳ ಮಾತನ್ನೂ ಹೇಳಬೇಕು: ಸಾವಿರಾರು ಸೈನಿಕರನ್ನು ನಿಗದಿತ ದಿನಗಳಿಗೆ ಕರೆಸಿದ್ದೆವು, ಮೊದಲ ದಿನಗಳಲ್ಲೇ ಆಟ ಮುಗಿಸಿ ಅವರನ್ನು ಮನೆಗೆ ಕಳಿಸಲಾಗುತ್ತಿರಲಿಲ್ಲ, ಅಭ್ಯಾಸ ಮುಂದುವರಿಯಬೇಕಿತ್ತು ಎಂದು. ಅದು ನನಗೆ ಅರ್ಥವಾಗುತ್ತದೆ. ಅಭ್ಯಾಸಕ್ಕಾಗಿ ಹಡಗು ತೇಲಿಸಲಿ. ಆದರೆ ಅದಾದ ಮೇಲೆ ಬಂದ ಗೆಲುವನ್ನು ಗೆಲುವೆಂದು ದಾಖಲೆಯಲ್ಲಿ ಬರೆಯಬಾರದು. ತರಗತಿಯಲ್ಲಿ ತಪ್ಪು ಉತ್ತರ ಬಂದಾಗ ಹಿಂದಿನ ಹೆಜ್ಜೆ ಅಳಿಸಿ ಪುಸ್ತಕದ ಹಿಂದಿನ ಉತ್ತರ ಬರೆಯುವ ಹುಡುಗರನ್ನು ನಾನು ಬಹಳ ನೋಡಿದ್ದೇನೆ. ಅವರಿಗೆ ಸೊನ್ನೆ ಹಾಕಿದ್ದೇನೆ.

ಇಂಥ ಲೆಕ್ಕವನ್ನೇ ಉದ್ಯೋಗವಾಗಿ ಮಾಡುವವರು ಹೇಗಿರುತ್ತಾರೆಂದು ನನಗೆ ಸ್ವಲ್ಪ ಗೊತ್ತು. ನಮ್ಮಲ್ಲೂ ಈ ಕೆಲಸ ದಶಕಗಳಿಂದ ಇದೆ, ದೆಹಲಿಯಲ್ಲಿ ಡಿ.ಆರ್.ಡಿ.ಒ.ದ ಇಸ್ಸಾ ಸಂಸ್ಥೆ ಮೂರೂ ಪಡೆಗಳ ಯುದ್ಧಾಟದ ತಂತ್ರಾಂಶಕ್ಕೆ ಹೆಸರಾಗಿದೆ, ಬೆಂಗಳೂರಿನಲ್ಲಿ 1986ರಿಂದ ಕೃತಕ ಬುದ್ಧಿಮತ್ತೆಯ ಕೇರ್ ಪ್ರಯೋಗಾಲಯವಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಮ್ಯುಲೇಶನ್ ಕೆಲಸದಲ್ಲಿದ್ದಾಳೆ. ಎಲ್ಲಿ, ಏನು ಎಂದು ಅವಳೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ದೀಪಾವಳಿಗೆ ಬಂದಾಗ ಟಿ.ವಿ. ಯುದ್ಧಗಳ ವಿಷಯ ಎತ್ತಿದೆ. "ಸಾರ್, ನಾವು ಒಂದೇ ಉತ್ತರ ತಗೊಂಡು ಹೋದರೆ ಮೇಲಿನವರು ಕಾಗದವನ್ನೇ ತೆಗೆದು ನೋಡೋದಿಲ್ಲ. ಎಷ್ಟು ಸಲ ಓಡಿಸಿದ್ರಿ, ಎಲ್ಲಿಂದ ಎಲ್ಲಿವರೆಗೆ ಬಂತು ಅಂತ ಮೊದಲು ಕೇಳ್ತಾರೆ" ಎಂದಳು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಷ್ಟು ಶಿಸ್ತು ಇರುವ ವಿದ್ಯೆ ನಮ್ಮ ನಡುಮನೆಗೆ ಬರುವಾಗ ಒಂದು ಗಂಟೆಯ ಸದ್ದಾಗಿ ಬರುತ್ತದೆ.

ಬಾಗಿಲು ತೆರೆದು ಮಾಡಿದವರೂ ಇದ್ದಾರೆ. ವಾಷಿಂಗ್ಟನ್ನಿನ ಸಿ.ಎಸ್.ಐ.ಎಸ್. ಎಂಬ ಅಧ್ಯಯನ ಸಂಸ್ಥೆ 2023ರ ಜನವರಿಯಲ್ಲಿ ತೈವಾನ್ ಮೇಲೆ ಚೀನಾ ದಾಳಿ ಮಾಡಿದರೆ ಏನಾದೀತು ಎಂಬ ಯುದ್ಧಾಟದ ಫಲಿತಾಂಶ ಪ್ರಕಟಿಸಿತು. ಆಡಿದ್ದು 24 ಸಲ. ಪ್ರತಿ ಸಲ ಯಾವ ಊಹೆ ಬದಲಾಯಿಸಿದರು, ಏಕೆ ಎಂದು ಅಚ್ಚು ಹಾಕಿದರು. ಹೆಚ್ಚಿನ ಸಲ ದಾಳಿ ವಿಫಲವಾಯಿತು, ಆದರೆ ಎಲ್ಲ ಕಡೆಯವರಿಗೂ ಭಾರಿ ನಷ್ಟವಾಯಿತು ಎಂದರು. ಒಪ್ಪದವರು ಯಾವ ಊಹೆ ತಮಗೆ ಒಪ್ಪಿಗೆಯಿಲ್ಲ ಎಂದು ಬೊಟ್ಟು ಮಾಡಿ ಹೇಳಬಹುದು.

ನಮ್ಮಲ್ಲಿ ಕೆಡುಕು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಬೆಂಕಿ ಹತ್ತಿದ್ದಾಗ ಅರ್ಮಾ 3 ಎಂಬ ವಿಡಿಯೊ ಗೇಮಿನ ತುಣುಕುಗಳು ನಿಜವಾದ ದಾಳಿಯ ದೃಶ್ಯವೆಂದು ಮೊಬೈಲಿನಿಂದ ಮೊಬೈಲಿಗೆ ಹರಿದವು. ಇದು ಆಟದ ತುಣುಕು ಎಂದು ಕೇಂದ್ರ ಸರ್ಕಾರದ ಸತ್ಯಪರೀಕ್ಷೆ ವಿಭಾಗವೇ ಹೇಳಬೇಕಾಯಿತು. ಆ ಆಟ ಮಾಡಿದ ಚೆಕ್ ದೇಶದ ಕಂಪನಿ 2022ರಲ್ಲೇ, ಉಕ್ರೇನ್ ಯುದ್ಧದ ಹೆಸರಲ್ಲಿ ತನ್ನ ದೃಶ್ಯಗಳು ಹರಿದಾಡುತ್ತಿವೆ ಎಂದು ಎಚ್ಚರಿಸಿತ್ತು. ನಮ್ಮ ಬೀದಿಯಲ್ಲಿ ಗಡಿಯಲ್ಲಿ ಮಗನಿದ್ದ ತಾಯಿಯೊಬ್ಬರು ಅಂಥ ಒಂದು ತುಣುಕು ಹಿಡಿದು ನಮ್ಮ ಮನೆಗೆ ಬಂದಿದ್ದರು. ಅವರ ಕೈ ನಡುಗುತ್ತಿತ್ತು. ಹೆಲಿಕಾಪ್ಟರು ಬೀಳುವುದನ್ನು ತೋರಿಸಿ "ಇದು ಎಲ್ಲಿ ಮೇಷ್ಟ್ರೇ" ಎಂದು ಕೇಳಿದರು. ಹೊಗೆ ಪ್ರತಿ ಸಲವೂ ಒಂದೇ ಆಕಾರದಲ್ಲಿ ಏಳುತ್ತಿದ್ದುದನ್ನು ತೋರಿಸಿ, ಇದು ಆಟ ತಾಯಿ, ನಿಜ ಅಲ್ಲ ಎಂದು ಹೇಳಲು ಅರ್ಧ ಗಂಟೆ ಹಿಡಿಯಿತು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ರಾತ್ರಿ ಅವರ ಮನೆಯ ದೀಪ ಆರಲಿಲ್ಲ.

ಅಣ್ಣನ ವಿಷಯಕ್ಕೆ ಬರುತ್ತೇನೆ. ಮರುದಿನ ಬೆಳಿಗ್ಗೆ ಜಗುಲಿಯ ಮೇಲೆ ಅವನಿಗೆ ಹುಣಸೆ ಬೀಜ ಹರಡಿ ಲ್ಯಾಂಚೆಸ್ಟರನ ಲೆಕ್ಕ ತೋರಿಸಿದೆ. ಆ ಟಿ.ವಿ.ಯವರು ಹೇಳಿದ್ದು ವೇದವಾಕ್ಯವಲ್ಲ ಎಂದು ಸಮಾಧಾನ ಮಾಡುವ ಉದ್ದೇಶ ನನ್ನದು. ಅವನು ಪೂರ್ತಿ ನೋಡಿದ. ನೋಡಿ ಮೊದಲು ಕೇಳಿದ್ದು: "ಇದರಲ್ಲಿ ನಮ್ಮ ಲಾರಿ ಎಲ್ಲಿದೆ?" ರಾತ್ರಿ ಹೆಡ್‌ಲೈಟ್ ಹಾಕುವಂತಿರಲಿಲ್ಲವಂತೆ. ಮುಂದಿನ ಲಾರಿಯ ಹಿಂದಿನ ಆಕ್ಸಲ್ಲಿಗೆ ಬಿಳಿ ಬಣ್ಣ ಬಳಿದು, ಅದರ ಮೇಲೆ ಬೀಳುವ ಹಾಗೆ ಒಂದು ಪುಟ್ಟ ಬಲ್ಬು. ಆ ಬಿಳಿ ಗುರುತನ್ನೇ ನೋಡಿಕೊಂಡು ರಾತ್ರಿಯಿಡೀ ಮದ್ದುಗುಂಡು ಸಾಗಿಸುತ್ತಿದ್ದರು. ಒಂದು ಚಕ್ರ ಹೂತರೆ ಹಿಂದಿನ ನಲವತ್ತು ಲಾರಿ ನಿಲ್ಲುತ್ತಿತ್ತು. ಬೆಳಕು ಹರಿಯುವುದರೊಳಗೆ ತಲುಪದಿದ್ದರೆ ಮುಂದಿರುವವರ ಫಿರಂಗಿ ಸುಮ್ಮನಾಗುತ್ತಿತ್ತು. ನನ್ನ ಬೀಜಗಳಿಗೆ ಗುಂಡು ಖಾಲಿಯಾಗುವುದಿಲ್ಲ, ನಿದ್ದೆ ಬರುವುದಿಲ್ಲ, ಹೆದರಿಕೆ ಇಲ್ಲ. ಇಂದಿನ ದೊಡ್ಡ ಪ್ರೋಗ್ರಾಂಗಳಲ್ಲಿ ಸಾಗಣೆಯ ಲೆಕ್ಕವೂ ಇರುತ್ತದೆ ಎಂದು ಹೇಳಿದೆ. ಹೆದರಿಕೆಯ ಲೆಕ್ಕ ಇರುತ್ತದೆಯೇ ಎಂದು ಕೇಳಿದ. ಅದಕ್ಕೂ ಯಾರೋ ಒಂದು ಗುಣಾಂಕ ಹಾಕಿರುತ್ತಾರೆ ಎಂದೆ.

ಆಮೇಲೆ ಅವನು, ನಾನು ಪಕ್ಕಕ್ಕೆ ತಳ್ಳಿದ್ದ ಬೀಜಗಳನ್ನು ಒಂದೊಂದಾಗಿ ಎಣಿಸಿ ಅಂಗೈಗೆ ಹಾಕಿಕೊಂಡ. ಆ ಕಡೆಯವು 80, ಈ ಕಡೆಯವು 43. "ನೂರಾ ಇಪ್ಪತ್ಮೂರು" ಎಂದ. 33 ವರ್ಷ ಆ ಪಾಠ ಮಾಡಿದ್ದೇನೆ. ಉಳಿದದ್ದೆಷ್ಟು ಎಂದು ಪ್ರತಿ ವರ್ಷ ಕೇಳಿದ್ದೇನೆ, ಹೋದದ್ದೆಷ್ಟು ಎಂದು ಒಮ್ಮೆಯೂ ಕರಿಹಲಗೆಯ ಮೇಲೆ ಬರೆದಿರಲಿಲ್ಲ.

ಸಂಪಾದಕರೇ, ನನ್ನ ಕೋರಿಕೆ ಸಣ್ಣದು. ಮುಂದೆ ಯುದ್ಧದ ಸಿಮ್ಯುಲೇಶನ್ ಸುದ್ದಿ ನಿಮ್ಮ ಮೇಜಿಗೆ ಬಂದಾಗ, ಅದನ್ನು ಯಾರು ಓಡಿಸಿದರು, ಯಾರ ದುಡ್ಡಿನಲ್ಲಿ ಎಂದು ಕೇಳಿಸಿ. ಎಷ್ಟು ಸಲ ಓಡಿಸಿದರು, ಅತಿ ಕಡಿಮೆ, ಅತಿ ಹೆಚ್ಚು ಬಂದದ್ದೆಷ್ಟು ಎಂದು ಕೇಳಿಸಿ. ಒಂದೇ ಅಂಕಿ ಕೊಟ್ಟವರ ಸುದ್ದಿಯನ್ನು ಅಚ್ಚು ಹಾಕಬೇಡಿ. ಯಾವ ಒಂದು ಊಹೆ ಬದಲಾದರೆ ಫಲಿತಾಂಶ ತಲೆಕೆಳಗಾಗುತ್ತದೆ ಎಂಬುದಕ್ಕೆ ಒಂದು ಸಾಲು ಜಾಗ ಕೊಡಿ. ನಡುವೆ ಯಾರಾದರೂ ಹಡಗು ತೇಲಿಸಿದ್ದರೆ ಅದನ್ನೂ ಬರೆಯಿರಿ. ಆಟದ ದೃಶ್ಯವಾದರೆ ಆಟದ ದೃಶ್ಯ ಎಂದು ದಪ್ಪ ಅಕ್ಷರದಲ್ಲಿ, ಚಿತ್ರದ ಮೇಲೆಯೇ ಹಾಕಿ. ಕೆಳಗೆ ಇರುವೆ ಸಾಲಿನ ಅಕ್ಷರದಲ್ಲಲ್ಲ.

ಮತ್ತು ಆ "ಹನ್ನೊಂದು ದಿನ"ದ ಚೌಕಟ್ಟಿನ ಸುದ್ದಿಗೆ ಒಂದು ಸ್ಪಷ್ಟೀಕರಣ ಪ್ರಕಟಿಸಿ. ಅದರ ಮೂಲ ಯಾವುದೆಂದು ನಿಮ್ಮ ವರದಿಗಾರರಿಗೆ ಗೊತ್ತಿದ್ದರೆ ನನಗೂ ತಿಳಿಸಿ. ಒಳಗಿನ ಅಂಕಿಗಳು ಸಿಕ್ಕರೆ ನಾನೇ ಕಾಗದದ ಮೇಲೆ ಲೆಕ್ಕ ಬಿಡಿಸಿ, ಎಲ್ಲಿ ಸರಿ ಎಲ್ಲಿ ತಪ್ಪು ಎಂದು ಶಾಲೆಯ ಮಕ್ಕಳಿಗೂ ತಿಳಿಯುವ ಕನ್ನಡದಲ್ಲಿ ಬರೆದು ಕಳಿಸುತ್ತೇನೆ. ಸಂಭಾವನೆ ಬೇಡ. ನಿಮ್ಮ ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಸಾಕು.

ಇಂತಿ,
ನಿವೃತ್ತ ಗಣಿತ ಅಧ್ಯಾಪಕ,
ತಿಪಟೂರು